ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲವೇ?

ಹೊಸಕೋಟೆಯಿಂದ ಶಿಡ್ಲಘಟ್ಟದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಗೆ ಸೇರಿದ ‘ಕ್ರೆಸ್ಟ್’ ಎಂಬ ಕೇಂದ್ರವೊಂದುಂಟು. ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವವರಲ್ಲಿ ಬಹುಮಂದಿಗೆ ಅಲ್ಲಿ ನಡೆಯುವ ಕೆಲಸವೇನೆಂಬುದು ತಿಳಿಯದು. ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಎರಡು ಮೀಟರ್ ಅಗಲದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕ ನಿಂತಿದೆ. ಅದು ಆಕಾಶದ ಯಾವ ಮೂಲೆಗೆ ಮುಖಮಾಡಬೇಕೆಂಬ ಆಜ್ಞೆ ಉಪಗ್ರಹದ ಮೂಲಕ ಹೋಗುವುದು ಹೊಸಕೋಟೆಯ ಈ ಕಟ್ಟಡದಿಂದಲೇ.

2015ರಲ್ಲಿ ಕುಂಭ ರಾಶಿಯ ಒಂದು ಮಂಕಾದ ಕೆಂಪು ನಕ್ಷತ್ರವನ್ನು ಬೆಲ್ಜಿಯಂ ದೇಶದ ಖಗೋಳಜ್ಞರ ನೇತೃತ್ವದಲ್ಲಿ ಗಮನಿಸಿದ ದೂರದರ್ಶಕಗಳಲ್ಲಿ ಇದೂ ಒಂದಾಗಿತ್ತು. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಒಂದಿಷ್ಟು ಕುಂದುತ್ತದೆ. ಆ ಕುಂದನ್ನು ಅಳೆದೇ ಗ್ರಹವನ್ನು ಕಂಡುಹಿಡಿಯಬೇಕು. 2016ರ ಮೇ ತಿಂಗಳಿನಲ್ಲಿ ಅಲ್ಲಿ ಮೂರು ಗ್ರಹಗಳಿವೆಯೆಂದು ಪ್ರಕಟವಾಯಿತು. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ನಮ್ಮ ಸಂಸ್ಥೆಯ ಡಿ. ಕೆ. ಸಾಹು ಅವರ ಹೆಸರೂ ಇತ್ತು. ಮರುವರ್ಷದ ಫೆಬ್ರವರಿಯಲ್ಲಿ ಗ್ರಹಗಳ ಸಂಖ್ಯೆ ಏಳಕ್ಕೇರಿತು. ಟ್ರ್ಯಾಪಿಸ್ಟ್-1 ಎಂದು ಹೆಸರಾದ ಆ ಕುಟುಂಬ ನಮ್ಮಿಂದ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿದೆ. ಏಳು ಗ್ರಹಗಳೂ ಹೆಚ್ಚುಕಡಿಮೆ ಭೂಮಿಯ ಗಾತ್ರದವು. ಅವುಗಳಲ್ಲಿ ಕೆಲವು, ನೀರು ನೀರಾಗಿಯೇ ಉಳಿಯಬಹುದಾದಷ್ಟು ಹಿತವಾದ ದೂರದಲ್ಲಿ ತಮ್ಮ ನಕ್ಷತ್ರವನ್ನು ಸುತ್ತುತ್ತಿವೆ. ಇಂಥ ನೆರೆಮನೆ ದೊರೆತ ಮೇಲೆ ಕಿವಿಗೊಡದಿರಲು ಸಾಧ್ಯವೇ? 2022ರಲ್ಲಿ ಕ್ಯಾಲಿಫೋರ್ನಿಯಾದ ಅಲೆನ್ ರೇಡಿಯೊ ದೂರದರ್ಶಕ ಸಮೂಹ 28 ಗಂಟೆಗಳ ಕಾಲ ಅತ್ತ ಆಲಿಸಿತು. ಯಾರದೂ ದನಿ ಕೇಳಲಿಲ್ಲ.

ಅಲ್ಲಿ ಮಾತ್ರವಲ್ಲ, ಎಲ್ಲಿಯೂ ಕೇಳಿಲ್ಲ. 2025ರ ಸೆಪ್ಟೆಂಬರ್ ವೇಳೆಗೆ ಸೌರಮಂಡಲದ ಆಚೆಯ ಗ್ರಹಗಳ ಪಟ್ಟಿ 6,000 ದಾಟಿತು. ನಮ್ಮ ಆಕಾಶಗಂಗೆಯೊಂದರಲ್ಲೇ ಹತ್ತು ಸಾವಿರ ಕೋಟಿಗೂ ಮಿಕ್ಕಿ ನಕ್ಷತ್ರಗಳಿವೆ. ಇಷ್ಟು ಮನೆಗಳಿರುವಾಗ ಒಂದರಲ್ಲೂ ದೀಪ ಕಾಣದಿರುವುದೇಕೆ ಎಂದು ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಕೇಳಿದ ಪ್ರಶ್ನೆಗೆ ಉತ್ತರವಾಗಿ ಈ ವಾರದ ಬರಹ. (ಬುದ್ಧಿಯುಳ್ಳ ಅನ್ಯಲೋಕದ ಜೀವಿಗಳನ್ನು ‘ಬುದ್ಧಿಜೀವಿಗಳು’ ಎಂದು ಕರೆಯಬಹುದಿತ್ತು, ಆದರೆ ಆ ಪದವನ್ನು ನಮ್ಮ ನಾಡಿನಲ್ಲಿ ಬೇರೆಯವರು ಈಗಾಗಲೇ ವಹಿಸಿಕೊಂಡಿದ್ದಾರೆ.) ಹಾರುವ ತಟ್ಟೆಗಳ ಸುದ್ದಿಯನ್ನು ನಾನಿಲ್ಲಿ ಎತ್ತುವುದಿಲ್ಲ.

ಪ್ರಶ್ನೆ ಹಳೆಯದು. 1950ರ ಬೇಸಿಗೆಯಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಗೆಳೆಯರೊಂದಿಗೆ ಊಟಕ್ಕೆ ಕುಳಿತಿದ್ದ ಎನ್ರಿಕೊ ಫರ್ಮಿ ಇದ್ದಕ್ಕಿದ್ದಂತೆ, ಹಾಗಾದರೆ ಅವರೆಲ್ಲ ಎಲ್ಲಿದ್ದಾರೆ ಎಂದು ಕೇಳಿದರಂತೆ. ಜೊತೆಗಿದ್ದವರು ನಕ್ಕರೂ ಪ್ರಶ್ನೆಯ ಮೊನೆ ಅವರಿಗೆ ತಿಳಿಯಿತು. ಆಕಾಶಗಂಗೆಯ ವಯಸ್ಸು ಸಾವಿರ ಕೋಟಿ ವರ್ಷಗಳನ್ನು ಮೀರಿದ್ದು. ಎಲ್ಲೋ ಒಂದು ಕಡೆ ನಮಗಿಂತ ಮುಂಚೆ ಹುಟ್ಟಿದ ಜನಾಂಗವೊಂದು ನಕ್ಷತ್ರದಿಂದ ನಕ್ಷತ್ರಕ್ಕೆ ನಿಧಾನವಾಗಿಯೇ ವಲಸೆ ಹೋಗಿದ್ದರೂ ಕೆಲವು ಕೋಟಿ ವರ್ಷಗಳಲ್ಲಿ ಆಕಾಶಗಂಗೆಯನ್ನೆಲ್ಲ ತುಂಬಬಹುದಿತ್ತು. 1975ರಲ್ಲಿ ಮೈಕೆಲ್ ಹಾರ್ಟ್ ಎಂಬ ವಿಜ್ಞಾನಿ ಈ ವಾದವನ್ನು ಕೊನೆಯವರೆಗೆ ಎಳೆದರು: ಅವರು ಇದ್ದಿದ್ದರೆ ಇಲ್ಲಿಗೆ ಬಂದಿರುತ್ತಿದ್ದರು, ಬಂದಿಲ್ಲ, ಆದುದರಿಂದ ಅವರು ಇಲ್ಲ.

ತರ್ಕಶಾಸ್ತ್ರದ ಮೊದಲ ಪಾಠ ಓದಿದವರೂ ಈ ವಾದದ ಆಕಾರದಲ್ಲಿ ತಪ್ಪು ಹುಡುಕಲಾರರು. ಮಳೆ ಬಂದಿದ್ದರೆ ಅಂಗಳ ನೆನೆದಿರುತ್ತಿತ್ತು, ನೆನೆದಿಲ್ಲ, ಆದುದರಿಂದ ಮಳೆ ಬಂದಿಲ್ಲ ಎಂಬುದರ ಹಾಗೆಯೇ ಇದೂ ಇದೆ. ತೊಡಕಿರುವುದು ಮೊದಲ ವಾಕ್ಯದಲ್ಲಿ. ಮಳೆಗೂ ಅಂಗಳಕ್ಕೂ ಇರುವ ಸಂಬಂಧವನ್ನು ನಾವು ಸಾವಿರ ಸಲ ಕಂಡಿದ್ದೇವೆ. ಬುದ್ಧಿಗೂ ವಲಸೆಗೂ ಅಂಥ ಕಡ್ಡಾಯ ಸಂಬಂಧವಿದೆಯೆಂದು ಕಂಡವರಾರು? ಆ ದೂರಗಳ ಪ್ರಯಾಣಕ್ಕೆ ಬೇಕಾದ ಶಕ್ತಿ, ಕಾಲ, ಮತ್ತು ಹೊರಟವರು ಎಂದಿಗೂ ಹಿಂದಿರುಗರೆಂಬ ಅರಿವು, ಇವುಗಳಲ್ಲಿ ಯಾವುದಾದರೊಂದು ಅವರನ್ನು ಮನೆಯಲ್ಲೇ ನಿಲ್ಲಿಸಿರಬಹುದು. ಅವರು ಬಾರದಿರುವುದರಿಂದ ಹೆಚ್ಚೆಂದರೆ ಅವರು ಬಂದಿಲ್ಲವೆಂಬುದು ಸಿದ್ಧವಾಗುತ್ತದೆ.

ಈ ವಿಷಯದಲ್ಲಿ ನನಗೆ ಪಶ್ಚಿಮದ ತರ್ಕಕ್ಕಿಂತ ನಮ್ಮ ಮೀಮಾಂಸಕರ ಒಂದು ವಿಚಾರ ಹೆಚ್ಚು ನೆರವಾಗಿದೆ. ಗುರುಮಠದಲ್ಲಿ ನಮಗೆ ಭಾರತೀಯ ದರ್ಶನಗಳನ್ನು ಬೋಧಿಸುತ್ತಿದ್ದ ಹಿರಿಯ ಗುರುಗಳು ‘ಅನುಪಲಬ್ಧಿ’ ಎಂಬ ಪ್ರಮಾಣವನ್ನು ಬಹಳ ಪ್ರೀತಿಯಿಂದ ವಿವರಿಸುತ್ತಿದ್ದರು. ಅನುಪಲಬ್ಧಿಯೆಂದರೆ ಕಾಣದಿರುವಿಕೆ. ಪ್ರತ್ಯಕ್ಷ, ಅನುಮಾನ ಮುಂತಾದವುಗಳ ಸಾಲಿನಲ್ಲಿ ಕುಮಾರಿಲಭಟ್ಟರ ಸಂಪ್ರದಾಯದವರೂ ಅದ್ವೈತ ವೇದಾಂತಿಗಳೂ ಇದನ್ನೊಂದು ಪ್ರತ್ಯೇಕ ಪ್ರಮಾಣವಾಗಿ ಒಪ್ಪುತ್ತಾರೆ, ನೈಯಾಯಿಕರು ಒಪ್ಪುವುದಿಲ್ಲ. ಆ ಜಗಳ ಈಗ ನಮಗೆ ಬೇಡ. ಉದಾಹರಣೆ ಮಾತ್ರ ಸರಳವಾದದ್ದು. ಕೋಣೆಯ ನೆಲದ ಮೇಲೆ ಗಡಿಗೆಯಿಲ್ಲ ಎಂದು ನಾನು ತಿಳಿಯುವುದು ಹೇಗೆ? ಇಲ್ಲದಿರುವಿಕೆಗೆ ಬಣ್ಣವಿಲ್ಲ, ಆಕಾರವಿಲ್ಲ. ಅದು ಕಣ್ಣಿಗೆ ಬೀಳುವಂಥದಲ್ಲ. ಗಡಿಗೆ ಕಾಣಿಸಲಿಲ್ಲವೆಂಬುದೇ ಅಲ್ಲಿ ಅದು ಇಲ್ಲವೆಂಬ ಜ್ಞಾನಕ್ಕೆ ಸಾಧನ. ಇಷ್ಟು ಹೇಳಿ ಅವರು ನಿಲ್ಲಿಸುತ್ತಿರಲಿಲ್ಲ. ಎಲ್ಲ ಕಾಣದಿರುವಿಕೆಯೂ ಪ್ರಮಾಣವಲ್ಲ. ‘ಯೋಗ್ಯ’ವಾದ ಅನುಪಲಬ್ಧಿ ಮಾತ್ರ ಪ್ರಮಾಣ. ಅಂದರೆ, ವಸ್ತು ಅಲ್ಲಿ ಇದ್ದಿದ್ದರೆ ಖಂಡಿತವಾಗಿ ಕಾಣಿಸುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಹಗಲು ಬೆಳಕಿನಲ್ಲಿ ಕಾಣದ ಗಡಿಗೆ ಇಲ್ಲವೇ ಇಲ್ಲ. ಕತ್ತಲೆಯಲ್ಲಿ ಕಾಣದ ಗಡಿಗೆಯ ವಿಷಯವಾಗಿ ಏನನ್ನೂ ಹೇಳುವಂತಿಲ್ಲ. ಎಡವಿದ ಮೇಲೆ ತಿಳಿದೀತು.

ಆದುದರಿಂದ ಫರ್ಮಿಯವರ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಬೇರೊಂದು ಪ್ರಶ್ನೆ ಕೇಳಬೇಕಾಗುತ್ತದೆ. ನಾವು ಆಕಾಶವನ್ನು ನೋಡಿದ್ದು ಹಗಲಿನಲ್ಲೋ ಕತ್ತಲೆಯಲ್ಲೋ?

ಹಗಲಿನಲ್ಲಿ ನೋಡಿ ‘ಇಲ್ಲ’ ಎಂದು ಹೇಳುವುದಕ್ಕೆ ವಿಜ್ಞಾನದಲ್ಲಿ ಎಷ್ಟು ಶ್ರಮ ಬೇಕೆಂಬುದನ್ನು ನಮ್ಮ ಪಕ್ಕದ ಸೀಮೆಯಲ್ಲಿ ನಡೆದ ಒಂದು ಪ್ರಸಂಗ ತೋರಿಸಿಕೊಡುತ್ತದೆ. ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ರೈಲಿನಲ್ಲಿ ಹೊರಟರೆ ಗೌರಿಬಿದನೂರು ಸಿಗುತ್ತದೆ. ಅಲ್ಲಿ 1976ರಲ್ಲಿ ಆಸ್ಟ್ರೋಫಿಸಿಕ್ಸ್ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟು ದೊಡ್ಡ ರೇಡಿಯೊ ದೂರದರ್ಶಕವೊಂದನ್ನು ಕಟ್ಟಿದವು. ಪೂರ್ವ ಪಶ್ಚಿಮವಾಗಿ ಅದರ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಆಕಾಶದ ಬಹುಭಾಗವನ್ನು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಚಿತ್ರಿಸಿದ ಅದರ ಸಮೀಕ್ಷೆ 1990ರಲ್ಲಿ ಪ್ರಕಟವಾಯಿತು. ಹೀಗೆ ಆಲಿಸುವುದನ್ನು ನಮ್ಮ ಸೀಮೆ ಅಂದೇ ಕಲಿತಿತ್ತು.

2018ರಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ತಂಡ, ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಇಟ್ಟಿದ್ದ ಆಂಟೆನಾಕ್ಕೆ ಸೃಷ್ಟಿಯ ಮೊತ್ತಮೊದಲ ನಕ್ಷತ್ರಗಳು ಬೆಳಗಿದ ಕಾಲದ ಗುರುತು ಸಿಕ್ಕಿದೆಯೆಂದು ಸಾರಿತು. ಜಗತ್ತೆಲ್ಲ ಸಂಭ್ರಮಿಸಿತು. ನೊಬೆಲ್ ಪ್ರಶಸ್ತಿಯ ಮಾತೂ ಕೇಳಿಬಂತು. ರಾಮನ್ ಸಂಸ್ಥೆಯವರು ‘ಸರಸ್’ ಎಂಬ ತಮ್ಮದೇ ಉಪಕರಣದಿಂದ ಅದನ್ನು ಪರೀಕ್ಷಿಸಲು ಹೊರಟರು. ಆಂಟೆನಾದ ಕೆಳಗಿರುವ ಮಣ್ಣು, ಕಲ್ಲು, ತೇವಗಳಿಂದಲೇ ಸುಳ್ಳು ಸಂಕೇತ ಹುಟ್ಟಬಹುದಾದ್ದರಿಂದ ಎಲ್ಲೆಡೆಯೂ ಒಂದೇ ಗುಣವುಳ್ಳ ನೆಲ ಅವರಿಗೆ ಬೇಕಿತ್ತು. ಅಂಥ ನೆಲ ನೀರು! 2020ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಬಳಿಕ ಶರಾವತಿಯ ಹಿನ್ನೀರಿನಲ್ಲಿಯೂ ತೆಪ್ಪದ ಮೇಲೆ ಆಂಟೆನಾವನ್ನು ತೇಲಿಬಿಟ್ಟರು. ಎರಡು ವರ್ಷ ಲೆಕ್ಕ ಹಾಕಿ, ಉಪಕರಣದ ಪ್ರತಿಯೊಂದು ಲೋಪವನ್ನೂ ಅಳೆದು, 2022ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟಿಸಿದರು: ಆಸ್ಟ್ರೇಲಿಯಾದಲ್ಲಿ ಕಂಡದ್ದು ಆಕಾಶದಿಂದ ಬಂದುದಾಗಿದ್ದರೆ ನಮ್ಮ ಕೆರೆಯಲ್ಲೂ ಕಾಣಬೇಕಿತ್ತು, ಕಾಣಲಿಲ್ಲ, ಶೇಕಡ 95ಕ್ಕೂ ಮಿಕ್ಕ ಭರವಸೆಯಿಂದ ಅದು ಇಲ್ಲವೆಂದೇ ಹೇಳಬಹುದು.

ನಮ್ಮ ಗುರುಗಳು ಬದುಕಿದ್ದರೆ, ಯೋಗ್ಯಾನುಪಲಬ್ಧಿಯೆಂದರೆ ಇದೇ ನೋಡಿ ಎಂದು ಆ ತೆಪ್ಪವನ್ನು ತೋರಿಸುತ್ತಿದ್ದರೆಂದು ನನಗನ್ನಿಸುತ್ತದೆ. ಎಷ್ಟು ಸಣ್ಣ ಸದ್ದಾದರೂ ತಮ್ಮ ಕಿವಿಗೆ ಬೀಳುತ್ತಿತ್ತು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಆದುದರಿಂದ ಅವರ ‘ಕೇಳಲಿಲ್ಲ’ ಎಂಬ ಮಾತಿಗೆ ತೂಕ ಬಂತು.

ಅನ್ಯಲೋಕದವರ ಹುಡುಕಾಟಕ್ಕೆ ಈ ತೂಕ ಇನ್ನೂ ಬಂದಿಲ್ಲ. 1960ರಲ್ಲಿ ಫ್ರಾಂಕ್ ಡ್ರೇಕ್ ಎಂಬ ತರುಣ ಖಗೋಳಜ್ಞರು ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿ ಸೂರ್ಯನನ್ನು ಹೋಲುವ ಎರಡು ಹತ್ತಿರದ ನಕ್ಷತ್ರಗಳ ಕಡೆಗೆ ದೂರದರ್ಶಕವನ್ನು ತಿರುಗಿಸಿ ಸುಮಾರು 150 ಗಂಟೆ ಆಲಿಸಿದರು. ಅಲ್ಲಿಂದ ಮೊದಲಾದ ಕೆಲಸ ಅರವತ್ತು ವರ್ಷ ದಾಟಿದೆ. ಹಣ ಸಿಕ್ಕಾಗ ನಡೆದಿದೆ, ಸಿಗದಾಗ ನಿಂತಿದೆ. ಯಾವ ದಿಕ್ಕು, ಯಾವ ಆವರ್ತನ, ಯಾವ ಹೊತ್ತು, ಎಷ್ಟು ಬಲದ ಸಂಕೇತ, ಅದು ಒಮ್ಮೆ ಬಂದು ಹೋಗುವುದೋ ಮರುಕಳಿಸುವುದೋ ಎಂಬ ಎಲ್ಲ ಸಾಧ್ಯತೆಗಳನ್ನೂ ಗುಣಿಸಿ, ಅವುಗಳಲ್ಲಿ ನಾವು ಈವರೆಗೆ ಶೋಧಿಸಿದ ಪಾಲೆಷ್ಟು ಎಂದು 2018ರಲ್ಲಿ ಜೇಸನ್ ರೈಟ್, ಶುಭಂ ಕನೋಡಿಯಾ ಮತ್ತು ಎಮಿಲಿ ಲೂಬರ್ ಎಂಬ ಮೂವರು ಲೆಕ್ಕ ಹಾಕಿದರು. ಶೋಧಿಸಬೇಕಾದ್ದು ಭೂಮಿಯ ಸಮಸ್ತ ಸಾಗರಗಳ ನೀರಾದರೆ ಶೋಧಿಸಿದ್ದು ಸುಮಾರು 7,700 ಲೀಟರ್. ಬೇಸಿಗೆಯಲ್ಲಿ ನಮ್ಮ ನೆಲಮಂಗಲದ ಬಡಾವಣೆಗಳಿಗೆ ಬಂದು ನಿಲ್ಲುವ ಒಂದು ಟ್ಯಾಂಕರ್ ನೀರು ಎಂದಿಟ್ಟುಕೊಳ್ಳಿ. ಅದರಲ್ಲಿ ಮೀನು ಸಿಗಲಿಲ್ಲವೆಂದು ಕಡಲಿನಲ್ಲಿ ಮೀನೇ ಇಲ್ಲವೆನ್ನಬಹುದೇ?

ನಾವು ಅವರಿಗೆ ಕಾಣಿಸುತ್ತೇವೆಯೇ ಎಂಬುದನ್ನೂ ಎಣಿಸಬೇಕು. ದೇವನಹಳ್ಳಿಯಲ್ಲಿ 2008ರಿಂದ ನಡೆಯುತ್ತಿರುವಂಥ ದೊಡ್ಡ ವಿಮಾನ ನಿಲ್ದಾಣಗಳ ರೇಡಾರುಗಳು ಹಗಲಿರುಳೂ ಆಕಾಶಕ್ಕೆ ಅಲೆಗಳನ್ನು ಎರಚುತ್ತವೆ. ಗ್ರೀನ್ ಬ್ಯಾಂಕಿನಲ್ಲಿ ಈಗಿರುವಂಥ ದೂರದರ್ಶಕ ಅನ್ಯಲೋಕದವರ ಬಳಿ ಇದ್ದರೆ, ಜಗತ್ತಿನ ವಿಮಾನ ನಿಲ್ದಾಣಗಳಿಂದ ಸೋರುವ ಈ ಅಲೆಗಳನ್ನು 200 ಜ್ಯೋತಿರ್ವರ್ಷ ದೂರದಿಂದಲೂ ಗುರುತಿಸಬಹುದೆಂದು 2025ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರಿನ ಸಂಶೋಧಕರು ಲೆಕ್ಕ ತೋರಿಸಿದರು. ಆದರೆ ಮನುಷ್ಯನು ರೇಡಿಯೊ ಬಳಸತೊಡಗಿ ನೂರು ಚಿಲ್ಲರೆ ವರ್ಷವಷ್ಟೇ ಆಗಿದೆ. ನಮ್ಮ ಯಾವ ಸದ್ದೂ ಅಷ್ಟು ವರ್ಷಗಳಲ್ಲಿ ಬೆಳಕು ಸಾಗುವ ದೂರವನ್ನು ಮೀರಿ ಹೋಗಿಲ್ಲ. ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಆಕಾಶಗಂಗೆಯನ್ನು ಕುಗ್ಗಿಸಿ ನೆಲಮಂಗಲದಿಂದ ಹೊಸಕೋಟೆಯವರೆಗೆ ಹಾಸಿದರೆ (ನೇರ ಗೆರೆಯಲ್ಲಿ ಸುಮಾರು 45 ಕಿಲೋಮೀಟರ್), ನಮ್ಮ ಸದ್ದು ತಲಪಿರುವ ವಲಯದ ಅಗಲ ಒಂದು ಫುಟ್‌ಬಾಲ್ ಮೈದಾನದ ಉದ್ದಕ್ಕಿಂತ ಹೆಚ್ಚಿಲ್ಲ. ಉಳಿದ ಸೀಮೆಗೆಲ್ಲ ನಾವು ಇನ್ನೂ ಮೌನಿಗಳು.

ಕಾಲದ ಲೆಕ್ಕವಂತೂ ಇದಕ್ಕಿಂತ ಕಠೋರ. ನಮ್ಮ ಜಿಲ್ಲೆಯ ಕಲ್ಲುಗಣಿಗಳಲ್ಲಿ ಒಡೆಯುವ ಪಟ್ಟೆಪಟ್ಟೆಯ ಬೂದುಗಲ್ಲಿನ ಸೋದರ ಬಂಡೆ ಬೆಂಗಳೂರಿನ ಲಾಲ್‌ಬಾಗಿನಲ್ಲಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆ ಶಿಲೆ ರೂಪುಗೊಳ್ಳುವಾಗಲೇ ಭೂಮಿಯ ಮೇಲೆ ಜೀವವಿತ್ತು, ಕಣ್ಣಿಗೆ ಕಾಣದ ಅಣುಜೀವಿಗಳಾಗಿ. ಮುಂದೆ ಇನ್ನೂರು ಕೋಟಿಗೂ ಹೆಚ್ಚು ವರ್ಷ ಅದು ಬಹುಮಟ್ಟಿಗೆ ಹಾಗೆಯೇ ಇತ್ತು. ಪ್ರಾಣಿಗಳು ಬಂದದ್ದು ಕಡೆಯ 60 ಕೋಟಿ ವರ್ಷಗಳ ಆಸುಪಾಸಿನಲ್ಲಿ. ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ರೇಡಿಯೊ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದ್ದು 1895ರಲ್ಲಿ. ಅನ್ಯಲೋಕದವನೊಬ್ಬ ಈ 300 ಕೋಟಿ ವರ್ಷಗಳಲ್ಲಿ ಯಾವುದೋ ಒಂದು ದಿನವನ್ನು ಆರಿಸಿ ಭೂಮಿಯ ಕಡೆಗೆ ರೇಡಿಯೊ ಕಿವಿ ತಿರುಗಿಸಿದ್ದನಾದರೆ ಅವನಿಗೆ ಕೇಳುತ್ತಿದ್ದುದು ಮೌನವೇ. ಜೀವ ತುಂಬಿ ತುಳುಕುತ್ತಿದ್ದ ಗ್ರಹವನ್ನು ಅವನು ಬರಡೆಂದು ಬರೆದುಕೊಳ್ಳುತ್ತಿದ್ದನು.

ಇಲ್ಲಿಯೇ ಒಂದು ಭಯದ ಮಾತೂ ಇದೆ. ಡ್ರೇಕ್ ಅವರು 1961ರಲ್ಲಿ ಬರೆದ ಪ್ರಸಿದ್ಧ ಸಮೀಕರಣದ ಕೊನೆಯ ಅಂಶ, ಸಂಕೇತ ಕಳುಹಿಸಬಲ್ಲ ನಾಗರಿಕತೆಯೊಂದು ಎಷ್ಟು ವರ್ಷ ಬಾಳುತ್ತದೆ ಎಂಬುದು. ಸಾವಿರ ವರ್ಷವೋ ಕೋಟಿ ವರ್ಷವೋ? ಎರಡು ದೀಪಗಳು ಒಂದೇ ಹೊತ್ತಿಗೆ ಉರಿಯದಿದ್ದರೆ ಒಂದು ಇನ್ನೊಂದನ್ನು ಕಾಣಲಾರದು. ಗೌರಿಬಿದನೂರಿನಲ್ಲಿ ಆಕಾಶಕ್ಕೆ ತೆರೆದ ಕಿವಿಗಿಂತ ಮೊದಲೇ, 1965ರಲ್ಲಿ, ಭಾಭಾ ಅಣುಶಕ್ತಿ ಕೇಂದ್ರದವರು ನೆಲಕ್ಕೆ ಒಂದು ಕಿವಿ ಹಚ್ಚಿದ್ದರು. ಭೂಕಂಪಗಳ ಜೊತೆಗೆ, ಜಗತ್ತಿನ ಯಾವ ಮೂಲೆಯಲ್ಲಿ ಯಾರು ನೆಲದಡಿ ಅಣುಬಾಂಬು ಸಿಡಿಸಿದರೆಂಬುದನ್ನು ಅದು ಕಂಪನದಿಂದ ಪತ್ತೆಹಚ್ಚುತ್ತದೆ. ಒಂದೇ ಊರಿನಲ್ಲಿ ಈ ಎರಡು ಕಿವಿಗಳೂ ಇರುವುದು ಆಕಸ್ಮಿಕವೇ ಸರಿ. ಆದರೂ ಡ್ರೇಕ್ ಅವರ ಕೊನೆಯ ಅಂಶವನ್ನು ಯೋಚಿಸುವಾಗಲೆಲ್ಲ ನನಗೆ ಆ ಊರು ನೆನಪಾಗುತ್ತದೆ. ಮುಂದುವರಿದ ಜನಾಂಗಗಳೆಲ್ಲ ತಮ್ಮನ್ನು ತಾವೇ ಸುಟ್ಟುಕೊಂಡುದರಿಂದಲೇ ಆಕಾಶ ಮೌನವಾಗಿದೆ ಎನ್ನುವವರಿದ್ದಾರೆ. ಅದಕ್ಕೂ ಸಾಕ್ಷ್ಯವಿಲ್ಲ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಒಡೆದುಹೋಗಿದೆ ಎಂದು ಹೇಳಿದಂತೆ ಅದು.

ನಮ್ಮವರು ಈ ಮೌನವನ್ನು ಬಳಸುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬೇರೆಲ್ಲೂ ಯಾರೂ ಸಿಗದಿರುವುದೇ ಮಾನವನ ವಿಶಿಷ್ಟ ಸೃಷ್ಟಿಗೆ ವಿಜ್ಞಾನ ಕೊಟ್ಟ ಸಾಕ್ಷಿಯೆಂದು ಹೇಳುವ ಬೋಧಕರನ್ನು ನಾನು ಕೇಳಿದ್ದೇನೆ. ಒಳ್ಳೆಯ ಉದ್ದೇಶದ ಕೆಟ್ಟ ವಾದವಿದು. ನಾಳೆ ಒಂದು ಸಂಕೇತ ಬಂದರೆ ಇವರ ಮಾತು ನಂಬಿದವರು ಯಾವುದನ್ನು ಕೈಬಿಡುವರು? ಧರ್ಮಸಭೆಯ ಪರಂಪರೆ ಈ ವಿಷಯದಲ್ಲಿ ಇವರಿಗಿಂತ ಎಚ್ಚರವಾಗಿತ್ತು. ಲೋಕ ಒಂದೇ ಎಂದು ಸಂತ ಥಾಮಸ್ ಅಕ್ವಿನಾಸರು ವಾದಿಸಿದ್ದು ನಿಜ. ಆದರೆ ಅನೇಕ ಲೋಕಗಳನ್ನು ಸೃಷ್ಟಿಸುವುದು ಆದಿಕಾರಣನಾದ ದೇವರಿಂದಾಗದು ಎಂಬ ಮಾತನ್ನು ಪ್ಯಾರಿಸಿನ ಧರ್ಮಾಧ್ಯಕ್ಷ ಎತಿಯೆನ್ ತಾಂಪಿಯೆ ಅವರು 1277ರಲ್ಲಿ ಖಂಡಿಸಿದರು. 1440ರಲ್ಲಿ ಕೂಸಾದ ನಿಕೊಲಾಸರು ಬೇರೆ ತಾರೆಗಳಲ್ಲೂ ನಿವಾಸಿಗಳಿರಬಹುದೆಂದು ಬರೆದರು. ಮುಂದೆ ಅವರನ್ನು ಕಾರ್ಡಿನಲರನ್ನಾಗಿ ಮಾಡಲಾಯಿತು. 2008ರಲ್ಲಿ ವ್ಯಾಟಿಕನ್ ವೀಕ್ಷಣಾಲಯದ ಅಂದಿನ ನಿರ್ದೇಶಕ, ಯೇಸುಸಭೆಯ ಹೊಸೆ ಗಾಬ್ರಿಯೆಲ್ ಫೂನೆಸ್ ಅವರು ಅಂಥ ಜೀವಿಗಳಿರುವುದು ನಮ್ಮ ವಿಶ್ವಾಸಕ್ಕೆ ವಿರುದ್ಧವಲ್ಲವೆಂದು ವ್ಯಾಟಿಕನ್ನಿನ ಪತ್ರಿಕೆಯಲ್ಲೇ ಹೇಳಿದರು. ಯಾರೂ ಇಲ್ಲವಾದ್ದರಿಂದ ನಾವೊಂದು ಅರ್ಥವಿಲ್ಲದ ಆಕಸ್ಮಿಕ ಎಂದು ಹೇಳುವ ನಿರೀಶ್ವರವಾದಿಗಳದೂ ಅದೇ ಕತ್ತಲೆಯಲ್ಲಿ ಕಂಡ ಗಡಿಗೆ.

ಇನ್ನು, ಕೇಳಿಸಿತು ಎಂದುಕೊಂಡ ಒಂದು ಸದ್ದಿನ ಕಥೆ. ಮೇ ತಿಂಗಳ ರಾತ್ರಿಗಳಲ್ಲಿ ನಮ್ಮ ದಕ್ಷಿಣ ದಿಗಂತದ ಮೇಲೆ ತಗ್ಗಿನಲ್ಲಿ ಆಲ್ಫಾ ಸೆಂಟಾರಿ ಎಂಬ ಪ್ರಕಾಶಮಾನವಾದ ತಾರೆ ಕಾಣುತ್ತದೆ. ಅದು ಒಂದಲ್ಲ, ಜೋಡಿ ಎಂದು ಕಂಡುಹಿಡಿದವರು ಯೇಸುಸಭೆಯ ಗುರು ಜಾನ್ ರಿಶೊ; 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದಾಗ ಅವರ ದೂರದರ್ಶಕಕ್ಕೆ ಈ ಜೋಡಿ ಬಿತ್ತು. ಅದರ ಮೂರನೆಯ ಸಂಗಾತಿ ಪ್ರಾಕ್ಸಿಮಾ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ ಅತ್ತ ಮುಖಮಾಡಿದ್ದಾಗ ಕೃತಕವೆಂದೇ ತೋರುವ ಕಿರಿದಾದ ಸಂಕೇತವೊಂದು ದಾಖಲಾಯಿತು. ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. 2021ರಲ್ಲಿ ವಿಜ್ಞಾನಿಗಳು ಪರಿಶೀಲನೆ ಮುಗಿಸಿದಾಗ ಅದು ನಮ್ಮದೇ ಯಾವುದೋ ಎಲೆಕ್ಟ್ರಾನಿಕ್ ಸಾಧನದ ಗಲಾಟೆಯೆಂದು ತಿಳಿಯಿತು.

ಈ ಗಲಾಟೆ ದಿನೇ ದಿನೇ ಹೆಚ್ಚುತ್ತಿದೆ. ಎಫ್.ಎಂ. ಬಾನುಲಿ, ಮೊಬೈಲ್ ಗೋಪುರ, ತಲೆಯ ಮೇಲೆ ಓಡಾಡುವ ಸಾವಿರಾರು ಉಪಗ್ರಹಗಳು ಒಂದು ಕಡೆ. ಬೆಳಕಿನ ಹೊಳೆ ಇನ್ನೊಂದು ಕಡೆ. ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ವಲಯವೆಂದು ಸಾರಲಾಯಿತು. ಅಲ್ಲಿನ ಹಳ್ಳಿಗರು ದೀಪಗಳಿಗೆ ಮರೆಕಟ್ಟಿ, ಕಿಟಕಿಗಳಿಗೆ ದಪ್ಪ ಪರದೆ ಹಾಕಿ ಆ ಆಕಾಶವನ್ನು ಕಾಯುತ್ತಾರೆ. ಆ ದೂರದರ್ಶಕವನ್ನು ನಡೆಸುವ ಹೊಸಕೋಟೆಯಲ್ಲಿಯೋ, ನಿರ್ಮಲವಾದ ಅಮಾವಾಸ್ಯೆಯ ರಾತ್ರಿಯಲ್ಲಿಯೂ ಆಕಾಶಗಂಗೆಯನ್ನು ಮಕ್ಕಳಿಗೆ ತೋರಿಸುವುದು ಕಷ್ಟ.

ರಾಮನ್ ಸಂಸ್ಥೆಯ ವಿಜ್ಞಾನಿಗಳು ಈಗ ‘ಪ್ರತುಷ್’ ಎಂಬ ಯೋಜನೆಯೊಂದನ್ನು ಮುಂದಿಟ್ಟಿದ್ದಾರೆ. ಕೆರೆಯ ತೆಪ್ಪದ ಮೇಲಿಂದ ಮಾಡಿದ ಕೆಲಸವನ್ನೇ ಇನ್ನಷ್ಟು ಸೂಕ್ಷ್ಮವಾಗಿ ಚಂದ್ರನ ಬಳಿಯಿಂದ ಮಾಡುವ ಆಲೋಚನೆ ಅವರದು. ಅನ್ಯಲೋಕದವರ ದನಿಗಾಗಿ ಹುಡುಕುವವರೂ ಬಹಳ ಕಾಲದಿಂದ ಅದೇ ಜಾಗದ ಮೇಲೆ ಕಣ್ಣಿಟ್ಟಿದ್ದಾರೆ. ಆಂಟೆನಾ ಹೊತ್ತ ನೌಕೆ ಚಂದ್ರನನ್ನು ಸುತ್ತುತ್ತಿರುತ್ತದೆ; ಪ್ರತಿ ಸುತ್ತಿನಲ್ಲಿ ಚಂದ್ರನ ಮೈ ನಮ್ಮ ಭೂಮಿಗೆ ಅಡ್ಡವಾಗಿ, ದೇವನಹಳ್ಳಿಯ ರೇಡಾರೂ ಬೆಂಗಳೂರಿನ ಬಾನುಲಿಯೂ ತಲಪದಂತಾಗುವ ಸ್ವಲ್ಪ ಹೊತ್ತು ಮಾತ್ರ ಅದು ಕಿವಿದೆರೆದು ಆಲಿಸಬೇಕು.